ಯಾರ ಯೂನಿಟ್, ಯಾವ ಯೂನಿಟ್: ಬಣ್ಣಕ್ಕೊಂದು ಕೆಲಸ, ಆಕಾರಕ್ಕೊಂದು ಕೆಲಸ

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ, ಮೇಲಿನಿಂದ ಓರೆಯಾಗಿ ನೋಡುವ ಕ್ಯಾಮೆರಾ ಇರುವ ಒಂದು ಯುದ್ಧತಂತ್ರದ ಗೇಮ್ ಮಾಡುತ್ತಿದ್ದೇವೆ. ನಾಲ್ಕು ಪಕ್ಷಗಳಿವೆ, ಪ್ರತಿ ಪಕ್ಷದಲ್ಲಿ ಎಂಟು ಬಗೆಯ ಯೂನಿಟ್‌ಗಳಿವೆ. ಬಿಲ್ಲುಗಾರನಿಗೆ ಹಸಿರು, ಈಟಿಯವನಿಗೆ ಹಳದಿ, ವೈದ್ಯನಿಗೆ ಬಿಳಿ, ಹೀಗೆ ಒಂದೊಂದು ಬಗೆಗೆ ಒಂದೊಂದು ಬಣ್ಣದ ಉಡುಪು ಕೊಟ್ಟು, ಯಾವ ಪಕ್ಷ ಎಂಬುದನ್ನು ಬೆನ್ನ ಮೇಲಿನ ಪುಟ್ಟ ಬಾವುಟದಲ್ಲಿ ತೋರಿಸಿದ್ದೇವೆ. ಹತ್ತಿರದಿಂದ ನೋಡಿದರೆ ಎಲ್ಲವೂ ಚೆನ್ನಾಗಿದೆ. ಆದರೆ ಇಪ್ಪತ್ತು ಮೂವತ್ತು ಯೂನಿಟ್‌ಗಳು ಒಂದೆಡೆ ಸೇರಿದ ಕೂಡಲೇ ಎಲ್ಲವೂ ಕಲಸುಮೇಲೋಗರವಾಗುತ್ತದೆ ಎಂದು ಆಡಿ ನೋಡಿದವರೆಲ್ಲ ಹೇಳುತ್ತಿದ್ದಾರೆ. ಬಣ್ಣಗಳನ್ನು ಇನ್ನಷ್ಟು ಗಾಢ ಮಾಡಬೇಕೆ, ಯೂನಿಟ್‌ಗಳ ಸುತ್ತ ದಪ್ಪ ಹೊರಗೆರೆ ಎಳೆಯಬೇಕೆ? ಮುಂದೆ ಆಟಗಾರರಿಗೆ ಯೂನಿಟ್ಟಿನ ಹೊರರೂಪವನ್ನು ಬದಲಿಸುವ ಬೇರೆ ಬೇರೆ ಸ್ಕಿನ್‌ಗಳನ್ನು ಕೊಡುವ ಯೋಚನೆಯೂ ಇದೆ. ಅದರಿಂದ ಗೊಂದಲ ಹೆಚ್ಚುವುದೆ?

ಉತ್ತರ: ನಿಮ್ಮ ಚಿತ್ರಗಳಲ್ಲಿ ದೋಷವಿದೆ ಎಂದು ನನಗನ್ನಿಸುವುದಿಲ್ಲ, ಕೆಲಸದ ಹಂಚಿಕೆಯಲ್ಲಿ ಇದೆ. ಯುದ್ಧದ ನಡುವೆ ಆಟಗಾರನ ಕಣ್ಣು ಪ್ರತಿ ಯೂನಿಟ್ಟಿನ ಬಗ್ಗೆಯೂ ಮೂರು ಪ್ರಶ್ನೆಗಳನ್ನು ಕೇಳುತ್ತದೆ: ಇದು ಯಾರದು, ಇದು ಯಾವುದು, ಇದು ಈಗ ಏನು ಮಾಡುತ್ತಿದೆ. ಈ ಮೂರರಲ್ಲಿ ಮೊದಲನೆಯದಕ್ಕೆ ಉತ್ತರ ಸಿಗದೆ ಉಳಿದೆರಡಕ್ಕೆ ಅರ್ಥವೇ ಇಲ್ಲ, ಏಕೆಂದರೆ ಎದುರಿಗಿರುವ ಬಿಲ್ಲುಗಾರ ನನ್ನವನಾದರೆ ನಾನು ಮಾಡುವುದೇ ಬೇರೆ, ಶತ್ರುವಾದರೆ ಮಾಡುವುದೇ ಬೇರೆ. ಇಷ್ಟು ಮುಖ್ಯವಾದ ಮೊದಲ ಪ್ರಶ್ನೆಯ ಉತ್ತರವನ್ನು ನೀವು ನಾಲ್ಕೈದು ಪಿಕ್ಸೆಲ್ ಅಗಲದ ಬಾವುಟಕ್ಕೆ ಒಪ್ಪಿಸಿದ್ದೀರಿ. ಎರಡನೆಯ ಪ್ರಶ್ನೆಗೆ ಮೈತುಂಬ ಬಣ್ಣ ಕೊಟ್ಟಿದ್ದೀರಿ. ಇದನ್ನು ತಿರುಗಿಸಿ. ಬಣ್ಣ ಪಕ್ಷವನ್ನು ಹೇಳಲಿ, ಆಕಾರ ಬಗೆಯನ್ನು ಹೇಳಲಿ, ಚಲನೆ ಕ್ರಿಯೆಯನ್ನು ಹೇಳಲಿ. ಒಂದು ಪ್ರಶ್ನೆಗೆ ಮೀಸಲಾದ ದಾರಿಯಲ್ಲಿ ಇನ್ನೊಂದರ ಉತ್ತರ ನುಸುಳದಂತೆ ಕಾಯುವುದೇ ಇಲ್ಲಿ ವಿನ್ಯಾಸಕಾರನ ಮುಖ್ಯ ಕೆಲಸ.

ಇದಕ್ಕೆ ಅತ್ಯಂತ ಶುದ್ಧವಾದ ಮಾದರಿ ವಿಡಿಯೋ ಗೇಮ್‌ಗಳಿಗಿಂತ ಬಹಳ ಹಳೆಯದು. ಇಂದು ಚೆಸ್ ಸ್ಪರ್ಧೆಗಳಲ್ಲಿ ಬಳಸುವ ಸ್ಟಾಂಟನ್ ಮಾದರಿಯ ಕಾಯಿಗಳು 1849ರಲ್ಲಿ ಬಂದವು. ಅಲ್ಲಿ ಬಣ್ಣಗಳು ಎರಡೇ, ಅವು ಹೇಳುವುದು ಪಕ್ಷವನ್ನು ಮಾತ್ರ. ಆರು ಬಗೆಯ ಕಾಯಿಗಳು ಬೇರೆಯಾಗುವುದು ಆಕಾರದಿಂದ, ಅದರಲ್ಲೂ ತಲೆಯ ಭಾಗದಿಂದ: ಕುದುರೆಯ ಮುಖ, ಬಿಷಪ್ಪಿನ ಸೀಳು, ಆನೆಯ ಕೋಟೆಗೋಡೆಯಂಥ ತುದಿ, ಕಾಲಾಳಿನ ಗುಂಡು. ಆಟಗಾರ ಕಾಯಿಗಳನ್ನು ಮೇಲಿನಿಂದ ಓರೆಯಾಗಿ ನೋಡುತ್ತಾನೆ, ಆದ್ದರಿಂದ ಗುರುತುಗಳೆಲ್ಲ ಮೇಲ್ಭಾಗದಲ್ಲಿವೆ, ಪೀಠಗಳೆಲ್ಲ ಒಂದೇ ಥರ ಇವೆ. ನಿಮ್ಮ ಕ್ಯಾಮೆರಾ ಕೋನವೂ ಹೆಚ್ಚುಕಡಿಮೆ ಅದೇ ಆಗಿರುವುದರಿಂದ ಒಂದು ಚೆಸ್ ಸೆಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡಿರೆಂದು ನಾನು ಪ್ರಾಮಾಣಿಕವಾಗಿ ಸಲಹೆ ಕೊಡುತ್ತೇನೆ.

ಪಕ್ಷಕ್ಕೆ ಬಣ್ಣವೇ ಏಕೆ ಎಂಬುದಕ್ಕೆ ಕಣ್ಣಿನ ಕಡೆಯಿಂದಲೂ ಕಾರಣವಿದೆ. ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಗೆಲೇಡ್ ಎಂಬ ಮನೋವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದರ ತಿರುಳು ಇದು: ಹಸಿರು ಚುಕ್ಕೆಗಳ ನಡುವಿನ ಒಂದು ಕೆಂಪು ಚುಕ್ಕೆಯನ್ನು ಹುಡುಕಲು, ಸುತ್ತ ಹತ್ತು ಚುಕ್ಕೆಗಳಿದ್ದರೂ ಐವತ್ತಿದ್ದರೂ ಹೆಚ್ಚುಕಡಿಮೆ ಒಂದೇ ಸಮಯ ಸಾಕು, ಅದು ತಾನಾಗಿ ಕಣ್ಣಿಗೆ ರಾಚುತ್ತದೆ, ಆದರೆ ಎರಡು ಲಕ್ಷಣಗಳನ್ನು ಜೋಡಿಸಿ ಹುಡುಕಬೇಕಾದಾಗ ವಸ್ತುಗಳು ಹೆಚ್ಚಿದಷ್ಟೂ ಸಮಯ ಹೆಚ್ಚುತ್ತ ಹೋಗುತ್ತದೆ. ನಿಮ್ಮ ಗೇಮಿನಲ್ಲಿ ‘ಶತ್ರುವಿನ ಬಿಲ್ಲುಗಾರರು ಎಲ್ಲಿದ್ದಾರೆ’ ಎಂದು ಹುಡುಕುವವನು ಮೊದಲು ಎಲ್ಲ ಹಸಿರು ಉಡುಪುಗಳನ್ನು ಕಂಡು, ಆಮೇಲೆ ಒಂದೊಂದರ ಬೆನ್ನಿನ ಬಾವುಟವನ್ನೂ ಓದಬೇಕು. ಬಣ್ಣ ಪಕ್ಷದ್ದಾದರೆ ಶತ್ರುಸೇನೆ ಇಡಿಯಾಗಿ ಒಂದೇ ನೋಟಕ್ಕೆ ಬೇರೆಯಾಗುತ್ತದೆ, ಆಕಾರದ ಹುಡುಕಾಟ ಆ ಚಿಕ್ಕ ಗುಂಪಿನೊಳಗೆ ಮಾತ್ರ ನಡೆಯುತ್ತದೆ. ಎಣಿಕೆಯೂ ಇದನ್ನೇ ಹೇಳುತ್ತದೆ. ಆತುರದಲ್ಲಿ ತಪ್ಪದೆ ಗುರುತಿಸಬಹುದಾದ ಬಣ್ಣಗಳು ಆರೋ ಏಳೋ ಇರಬಹುದು, ಆಕಾರಗಳಿಗೆ ಅಂಥ ಬಿಗಿ ಮಿತಿಯಿಲ್ಲ. ನಾಲ್ಕು ಪಕ್ಷ ಮತ್ತು ಎಂಟು ಬಗೆ ಇರುವಲ್ಲಿ ಕಡಿಮೆ ಸಂಖ್ಯೆಯದಕ್ಕೆ ಬಣ್ಣ ಕೊಡುವುದೇ ಲೆಕ್ಕಕ್ಕೆ ಸರಿ.

ಹಾಗೆಂದು ಇದನ್ನು ಎಲ್ಲ ಗೇಮ್‌ಗಳಿಗೂ ಹೊಂದುವ ಶಾಸನ ಎಂದುಕೊಳ್ಳಬಾರದು. 1980ರ ಪ್ಯಾಕ್-ಮ್ಯಾನ್‌ನಲ್ಲಿ ಆಟಗಾರನನ್ನು ಬೆನ್ನಟ್ಟುವ ನಾಲ್ಕು ಭೂತಗಳಿಗೂ ಒಂದೇ ಆಕಾರ. ಕೆಂಪು, ಗುಲಾಬಿ, ತಿಳಿನೀಲಿ, ಕಿತ್ತಳೆ ಎಂಬ ಬಣ್ಣಗಳಿಂದಲೇ ಅವುಗಳ ಸ್ವಭಾವ ತಿಳಿಯುತ್ತದೆ. ಅಲ್ಲಿ ನಾಲ್ಕೂ ಶತ್ರುಗಳೇ ಆದ್ದರಿಂದ ‘ಯಾರದು’ ಎಂಬ ಪ್ರಶ್ನೆಯೇ ಏಳುವುದಿಲ್ಲ, ಬಣ್ಣಕ್ಕೆ ಬೇರೆ ಕೆಲಸ ಕೊಡಲು ಬಿಡುವಿತ್ತು. ಅದಕ್ಕಿಂತಲೂ ಗಮನಿಸಬೇಕಾದದ್ದು, ಪ್ಯಾಕ್-ಮ್ಯಾನ್ ದೊಡ್ಡ ಗುಳಿಗೆಯನ್ನು ನುಂಗಿದ ಕ್ಷಣದಲ್ಲಿ ನಾಲ್ಕೂ ಭೂತಗಳು ಕಡುನೀಲಿಯಾಗುವುದು. ಆ ಕೆಲವು ಸೆಕೆಂಡು ಯಾವ ಭೂತ ಎಂಬುದು ಮುಖ್ಯವಲ್ಲ, ತಿನ್ನಬಹುದೇ ಓಡಬೇಕೇ ಎಂಬುದಷ್ಟೇ ಮುಖ್ಯ. ಪ್ರಶ್ನೆ ಬದಲಾದೊಡನೆ ಬಣ್ಣವೂ ಹಳೆಯ ಉತ್ತರವನ್ನು ಬಿಟ್ಟು ಹೊಸ ಉತ್ತರವನ್ನು ಹೊತ್ತುಕೊಂಡಿತು. 1992ರ ಮಾರ್ಟಲ್ ಕಾಂಬ್ಯಾಟ್‌ನ ಸ್ಕಾರ್ಪಿಯನ್ ಮತ್ತು ಸಬ್-ಝೀರೋ ಎಂಬ ಹೋರಾಟಗಾರರು ಒಂದೇ ದೇಹಚಿತ್ರದ ಹಳದಿ ಮತ್ತು ನೀಲಿ ರೂಪಗಳು. ತೆರೆಯ ಮೇಲೆ ಇಬ್ಬರೇ ಇರುವಲ್ಲಿ ಅಷ್ಟು ಸಾಕಾಗುತ್ತದೆ, ನಿಮ್ಮ ಮೂವತ್ತು ಯೂನಿಟ್‌ಗಳ ಗುಂಪಿನಲ್ಲಿ ಸಾಕಾಗುವುದಿಲ್ಲ.

ಇನ್ನು ಸಿಲೂಯೆಟ್, ಅಂದರೆ ಒಳಗಿನ ವಿವರವನ್ನೆಲ್ಲ ಕಪ್ಪು ಬಳಿದು ಮುಚ್ಚಿದಾಗ ಉಳಿಯುವ ಆಕಾರ. ಇದರ ಬಗ್ಗೆ ನಾನು ಕಾಣುವ ಅತಿ ಸಾಮಾನ್ಯ ತಪ್ಪೆಂದರೆ ಅದನ್ನು ತಪ್ಪು ಚಿತ್ರದಲ್ಲಿ ಪರೀಕ್ಷಿಸುವುದು. ಕಲಾವಿದ ಪಾತ್ರವನ್ನು ಎದುರಿನಿಂದ, ದೊಡ್ಡ ಗಾತ್ರದಲ್ಲಿ, ಕೈಕಾಲು ಅಗಲಿಸಿ ನಿಲ್ಲಿಸಿ ಬರೆಯುತ್ತಾನೆ, ಅಲ್ಲಿ ಎಲ್ಲವೂ ಬೇರೆಬೇರೆಯಾಗಿಯೇ ಕಾಣುತ್ತದೆ. ಆಟಗಾರನಿಗೆ ಕಾಣುವುದು ಮೇಲಿನಿಂದ, 32 ಅಥವಾ 40 ಪಿಕ್ಸೆಲ್ ಎತ್ತರದಲ್ಲಿ, ಎಂಟು ದಿಕ್ಕುಗಳಲ್ಲಿ ಯಾವುದಕ್ಕೋ ತಿರುಗಿ ನಿಂತ ಆಕೃತಿ. ನಿಮ್ಮ ಬಿಲ್ಲುಗಾರ ಮತ್ತು ಈಟಿಯವನನ್ನೇ ತೆಗೆದುಕೊಳ್ಳೋಣ. ಇಬ್ಬರೂ ನಿಂತ ಮನುಷ್ಯರು, ಇಬ್ಬರ ತಲೆ ಮತ್ತು ಹೆಗಲು ಒಂದೇ ಅಳತೆ, ಇಬ್ಬರ ಕೈಯಲ್ಲೂ ಉದ್ದನೆಯ ಕೋಲಿನಂಥದೊಂದು ವಸ್ತು. ಬಿಲ್ಲನ್ನು ಮೈಗೆ ಒತ್ತಿ ಹಿಡಿದಿದ್ದರೆ ಅದು ದೇಹದೊಳಗೆ ಕರಗಿಹೋಗುತ್ತದೆ. ಈಟಿಯನ್ನು ನಿಜದ ಪ್ರಮಾಣದಲ್ಲಿ ಬರೆದರೆ ಒಂದು ಪಿಕ್ಸೆಲ್ಲಿಗಿಂತ ತೆಳುವಾಗಿ, ನಡೆಯುವಾಗ ಮಿನುಗುತ್ತ ಮಾಯವಾಗುತ್ತದೆ. ಕಪ್ಪು ಬಳಿದರೆ ಇಬ್ಬರೂ ಒಂದೇ ಗೂಟ.

ಇಲ್ಲಿ ಮಾಡಬೇಕಾದದ್ದು ಆಯುಧದಿಂದಲ್ಲ, ಒಟ್ಟು ಮೈಕಟ್ಟಿನಿಂದ ಶುರುವಾಗಬೇಕು. ಈಟಿಯವನನ್ನು ಕಾಲು ಅಗಲಿಸಿ, ಹೆಗಲು ಹಿಗ್ಗಿಸಿ, ಎದುರಿಗೆ ದುಂಡು ಗುರಾಣಿ ಕೊಟ್ಟು, ಕೆಳಗೆ ಅಗಲವಾದ ತ್ರಿಕೋನದಂತೆ ನಿಲ್ಲಿಸಿ. ಬಿಲ್ಲುಗಾರನನ್ನು ತೆಳ್ಳಗೆ ಮಾಡಿ, ಮೈಯನ್ನು ಪಕ್ಕಕ್ಕೆ ತಿರುಗಿಸಿ, ಬಿಲ್ಲು ಹಿಡಿದ ಕೈಯನ್ನು ದೇಹದಿಂದ ದೂರ ಚಾಚಿಸಿ. ಬಿಲ್ಲಿಗೂ ಎದೆಗೂ ನಡುವೆ ಉಳಿಯುವ ಆ ಖಾಲಿ ಜಾಗವೇ ಬಿಲ್ಲುಗಾರನ ನಿಜವಾದ ಗುರುತು. ಬಿಲ್ಲಿನ ಗೆರೆಗಿಂತ ಆ ಬಿಲ್ಲಿನಾಕಾರದ ಖಾಲಿ ಜಾಗವನ್ನೇ ಕಣ್ಣು ಬೇಗ ಹಿಡಿಯುತ್ತದೆ. ಬತ್ತಳಿಕೆ ಒಂದು ಹೆಗಲ ಹಿಂದೆ ಎದ್ದು ಕಾಣಲಿ, ಆಗ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಾಗಲೂ ಗುರುತು ಉಳಿಯುತ್ತದೆ. ಈಟಿಯನ್ನು ಎರಡು ಮೂರು ಪಿಕ್ಸೆಲ್ ದಪ್ಪ ಮಾಡಿ, ತುದಿಯ ಅಲಗನ್ನು ಎಲೆಯಷ್ಟು ಅಗಲಿಸಿ. ಅಷ್ಟು ದಪ್ಪದ ಈಟಿ ಲೋಕದಲ್ಲಿಲ್ಲ ಎಂಬ ಅಳುಕು ಬೇಡ. ಈಟಿಯನ್ನು ಮುಂದಕ್ಕೆ ಚಾಚಿಕೊಂಡೇ ನಡೆಸಿದರೆ ಯೂನಿಟ್ ನೇರವಾಗಿ ಕ್ಯಾಮೆರಾದತ್ತ ಬರುವಾಗ ಅದು ಚುಕ್ಕೆಯಾಗಿ ಕುಗ್ಗುತ್ತದೆ, ಆದ್ದರಿಂದ ನಡೆಯುವಾಗ ನೆಟ್ಟಗೆ ಎತ್ತಿ ಹಿಡಿಸಿ, ತಿವಿಯುವಾಗ ಮಾತ್ರ ಬಾಗಿಸಿ. ಹೀಗೆ ಮಾಡಿದರೆ ‘ಏನು ಮಾಡುತ್ತಿದೆ’ ಎಂಬ ಮೂರನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು: ಎತ್ತಿದ ಈಟಿ ಎಂದರೆ ನಡೆ, ಬಾಗಿದ ಈಟಿ ಎಂದರೆ ದಾಳಿ.

ಎಂಟೂ ಬಗೆಗಳನ್ನು ಒಮ್ಮೆಲೇ ಬೇರೆಬೇರೆ ಮಾಡಲು ಹೊರಡುವುದಕ್ಕಿಂತ ಮೊದಲು ಅವನ್ನು ಎರಡು ಮೂರು ಕುಟುಂಬಗಳಾಗಿ ಒಡೆಯುವುದು ಒಳ್ಳೆಯದು. ಕಾಲಾಳುಗಳು ಲಂಬ, ಕುದುರೆ ಸವಾರರು ಅಡ್ಡ, ಕಲ್ಲೆಸೆಯುವ ಯಂತ್ರಗಳು ತಗ್ಗಾದ ಚೌಕ. ಈ ಮೊದಲ ಒಡಕು ಎಷ್ಟು ದೂರದಿಂದಲೂ ಕಾಣಬೇಕು. ಅದರೊಳಗಿನ ವ್ಯತ್ಯಾಸಗಳು ಸ್ವಲ್ಪ ಹತ್ತಿರ ಬಂದ ಮೇಲೆ ತಿಳಿದರೂ ನಡೆಯುತ್ತದೆ. ನಡಿಗೆಯ ಲಯಕ್ಕೂ ಇಲ್ಲಿ ಪಾಲಿದೆ. ದೃಷ್ಟಿಯ ಅಂಚಿನಲ್ಲಿ ನಮಗೆ ಬಣ್ಣದ ವ್ಯತ್ಯಾಸ ಅಷ್ಟಾಗಿ ತಿಳಿಯದಿದ್ದರೂ ಚಲನೆ ಚೆನ್ನಾಗಿ ತಿಳಿಯುತ್ತದೆ, ಹಾಗಾಗಿ ಭಾರವಾಗಿ ತೂಗಾಡುತ್ತ ಬರುವ ಯಂತ್ರ ಮತ್ತು ಪುಟಿಯುತ್ತ ಓಡುವ ಗೂಢಚಾರ ನೇರವಾಗಿ ನೋಡದೆಯೂ ಗುರುತಾಗುತ್ತಾರೆ.

ಈಗ ನೀವು ಕೇಳಿದ ಮೊದಲ ಪ್ರಶ್ನೆಗೆ, ಬಣ್ಣ ಗಾಢ ಮಾಡಬೇಕೆ ಎಂಬುದಕ್ಕೆ ಬರುತ್ತೇನೆ. ಗಾಢತೆಗಿಂತ ಮೊದಲು ಬೆಳಕಿನ ಮಟ್ಟವನ್ನು ನೋಡಿ, ಅಂದರೆ ಬಣ್ಣವನ್ನು ತೆಗೆದುಹಾಕಿದರೆ ಉಳಿಯುವ ತಿಳಿ ಮತ್ತು ಕಡುಪಿನ ವ್ಯತ್ಯಾಸವನ್ನು. ತೆರೆಯ ಮೇಲಿನ ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ ಬೆಳಗಿದಾಗ ಬರುವ ಬಿಳಿಯ ಹೊಳಪನ್ನು 100 ಎಂದಿಟ್ಟುಕೊಂಡರೆ, ಅದರಲ್ಲಿ ಹಸಿರಿನ ಪಾಲು ಸುಮಾರು 72, ಕೆಂಪಿನದು 21, ನೀಲಿಯದು 7 ಮಾತ್ರ. ಆದ್ದರಿಂದ ಅಚ್ಚ ನೀಲಿ ಎಷ್ಟೇ ಗಾಢವಾಗಿದ್ದರೂ ಕಣ್ಣಿಗೆ ಬಹುಪಾಲು ಕಪ್ಪೇ. ಕಾಡಿನ ನೆಲದ ಮೇಲೆ ಅದು ಮುಳುಗಿಹೋಗುತ್ತದೆ. ಅಚ್ಚ ಹಳದಿ 93ರಷ್ಟು ಹೊಳೆಯುವುದರಿಂದ ಮರಳಿನ ಮೇಲೆ, ಹಿಮದ ಮೇಲೆ ಕಳೆದುಹೋಗುತ್ತದೆ. ಆಕಾರದ ಅಂಚನ್ನು ಕಣ್ಣು ಹಿಡಿಯುವುದು ಹೆಚ್ಚಾಗಿ ಈ ಬೆಳಕಿನ ವ್ಯತ್ಯಾಸದಿಂದಲೇ ಹೊರತು ವರ್ಣದ ವ್ಯತ್ಯಾಸದಿಂದಲ್ಲ. ನಿಮ್ಮ ಗೇಮಿನ ಒಂದು ತೆರೆಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ, ಅದರಲ್ಲಿ ಯೂನಿಟ್‌ಗಳು ನೆಲದಿಂದ ಬೇರ್ಪಡದಿದ್ದರೆ ಯಾವ ಗಾಢ ಬಣ್ಣವೂ ಅವನ್ನು ಕಾಪಾಡಲಾರದು. ನೆಲವನ್ನು ನಡುಮಟ್ಟದ ಬೆಳಕಿನಲ್ಲಿ, ಮಂಕು ಬಣ್ಣಗಳಲ್ಲಿ ಇಟ್ಟು, ಯೂನಿಟ್‌ಗಳ ತಲೆ ಮತ್ತು ಹೆಗಲನ್ನು ಅದಕ್ಕಿಂತ ತಿಳಿಯಾಗಿಯೂ ಕಾಲಿನ ಕಡೆಯನ್ನು ಕಡುವಾಗಿಯೂ ಮಾಡುವುದು ಬಹುಪಾಲು ಸಂದರ್ಭಗಳಲ್ಲಿ ಫಲ ಕೊಡುತ್ತದೆ.

ಈ ವಿಚಾರದಲ್ಲಿ ವಾಲ್ವ್ ಸಂಸ್ಥೆಯ ಕಲಾವಿದರು ಟೀಮ್ ಫೋರ್ಟ್ರೆಸ್ 2 ಎಂಬ, ಎರಡು ತಂಡಗಳು ಕಾದಾಡುವ ಗೇಮಿಗಾಗಿ ಮಾಡಿದ ಕೆಲಸವನ್ನು, 2007ರಲ್ಲಿ ಅದರ ಬಗ್ಗೆ ಅವರೇ ಪ್ರಕಟಿಸಿದ ಪ್ರಬಂಧವನ್ನು ನೀವು ಹುಡುಕಿ ಓದಲೇಬೇಕು. ಅಲ್ಲಿ ಓದಿನ ಕ್ರಮ ಸ್ಪಷ್ಟವಾಗಿ ನಿಗದಿಯಾಗಿದೆ: ಮೊದಲು ತಂಡ, ಅದು ಬಣ್ಣದಿಂದ, ಆಮೇಲೆ ಒಂಬತ್ತು ವರ್ಗಗಳಲ್ಲಿ ಯಾವುದು ಎಂಬುದು, ಅದು ಸಿಲೂಯೆಟ್ಟಿನಿಂದ, ಕೊನೆಗೆ ಕೈಯಲ್ಲಿರುವ ಆಯುಧ, ಅದಕ್ಕಾಗಿ ಎದೆಯ ಮಟ್ಟದಲ್ಲಿ ಅತಿ ಹೆಚ್ಚಿನ ಬೆಳಕಿನ ವ್ಯತ್ಯಾಸ. ಪಾತ್ರಗಳ ಅಂಚಿಗೆ ತೆಳುವಾದ ಬೆಳಕು ತಾಗಿಸಿ ಸಿಲೂಯೆಟ್ಟನ್ನು ಹಿನ್ನೆಲೆಯಿಂದ ಬಿಡಿಸಿದ್ದಾರೆ. ಕೆಂಪು ತಂಡದ ನೆಲೆಗಳಿಗೆ ಬೆಚ್ಚನೆಯ ಬಣ್ಣಗಳನ್ನೂ ನೀಲಿ ತಂಡದ ನೆಲೆಗಳಿಗೆ ತಣ್ಣನೆಯ ಬಣ್ಣಗಳನ್ನೂ ಕೊಟ್ಟು, ಆಟಗಾರ ತಾನು ಯಾರ ಜಾಗದಲ್ಲಿದ್ದೇನೆ ಎಂಬುದನ್ನೂ ಅದೇ ಭಾಷೆಯಲ್ಲಿ ತಿಳಿಯುವಂತೆ ಮಾಡಿದ್ದಾರೆ.

ಪಕ್ಷದ ಬಣ್ಣವನ್ನು ಮೈಮೇಲೆ ಎಲ್ಲಿ ಹಾಕಬೇಕು ಎಂಬುದೂ ಅಷ್ಟೇ ಮುಖ್ಯ. ಬೆಳಕಿನ ಸೂಕ್ಷ್ಮ ವಿವರಗಳಿಗೆ ಹೋಲಿಸಿದರೆ ಬಣ್ಣದ ಸೂಕ್ಷ್ಮ ವಿವರಗಳನ್ನು ನಮ್ಮ ಕಣ್ಣು ಒರಟಾಗಿಯೇ ನೋಡುತ್ತದೆ. ಈ ಕಾರಣದಿಂದಲೇ ಸಾಮಾನ್ಯ ವಿಡಿಯೋಗಳಲ್ಲಿ ಬಣ್ಣದ ಮಾಹಿತಿಯನ್ನು ಅಗಲ ಎತ್ತರಗಳೆರಡರಲ್ಲೂ ಅರ್ಧಕ್ಕೆ ಇಳಿಸಿ ಸಂಗ್ರಹಿಸಿದರೂ ನೋಡುವವರಿಗೆ ಕೊರತೆ ಕಾಣುವುದಿಲ್ಲ. ಹಾಗಾಗಿ ತೋಳಿನ ಅಂಚಿನ ಪಟ್ಟಿ, ಬೆಲ್ಟಿನ ಗೆರೆ, ಬೆನ್ನಿನ ಬಾವುಟ ಎಂದು ಹತ್ತು ಕಡೆ ಚಿಮುಕಿಸಿದ ಬಣ್ಣಕ್ಕಿಂತ, ಹೆಗಲ ಮೇಲಿನ ಹೊದಿಕೆಯಂಥ ಒಂದೇ ದೊಡ್ಡ ಹರಹು ಎಷ್ಟೋ ಮೇಲು. ನಿಮ್ಮ ಕ್ಯಾಮೆರಾಕ್ಕೆ ಎಲ್ಲ ದಿಕ್ಕುಗಳಿಂದಲೂ ಕಾಣುವುದು ತಲೆ ಮತ್ತು ಹೆಗಲು; ಬಣ್ಣ ಅಲ್ಲಿರಲಿ, ಎಂಟೂ ಬಗೆಗಳಲ್ಲಿ ಅದೇ ಜಾಗದಲ್ಲಿರಲಿ. ಉಳಿದ ಮೈಯೆಲ್ಲ ಚರ್ಮ, ಕಬ್ಬಿಣ, ಮರ, ಬಟ್ಟೆಯ ಮಂಕು ಬಣ್ಣಗಳಿಗೆ ಸೇರಬೇಕು.

ಇದನ್ನು ನಾನು ಕಲಿತದ್ದು ಒಂದು ಸೋಲಿನಿಂದ. ಹಿಂದೊಮ್ಮೆ ನಾನು ಕೆಲಸ ಮಾಡಿದ ಗೇಮಿನಲ್ಲಿ ಪಕ್ಷದ ಬಣ್ಣಗಳನ್ನು ಎಚ್ಚರದಿಂದ ಆರಿಸಿ ಸರಿಯಾದ ಜಾಗಗಳಲ್ಲಿ ಹಾಕಿದ್ದೆವು, ಆದರೂ ಆಡುವವರು ತಮ್ಮದೇ ಸೈನಿಕರ ಮೇಲೆ ಸಿಡಿಮದ್ದಿನ ಗುಂಡು ಎಸೆಯುತ್ತಿದ್ದರು. ಕಾರಣ ಹುಡುಕಲು ಬಹಳ ದಿನ ಹಿಡಿಯಿತು. ವೈದ್ಯ ಯೂನಿಟ್ ಯಾರಿಗಾದರೂ ಚಿಕಿತ್ಸೆ ಕೊಟ್ಟಾಗ ಅವರ ಸುತ್ತ ಹಸಿರು ಪ್ರಭೆ ಹರಡುವಂತೆ ಮಾಡಿದ್ದೆವು, ನಾಲ್ಕು ಪಕ್ಷಗಳಲ್ಲಿ ಒಂದರ ಬಣ್ಣವೂ ಹಸಿರೇ ಆಗಿತ್ತು. ಚಿಕಿತ್ಸೆ ಪಡೆದ ಕೆಂಪು ಸೈನಿಕ ಎರಡು ಸೆಕೆಂಡು ಹಸಿರು ಪಕ್ಷದವನಾಗಿ ಕಾಣುತ್ತಿದ್ದ, ಯುದ್ಧದಲ್ಲಿ ಎರಡು ಸೆಕೆಂಡು ದೊಡ್ಡ ಕಾಲ. ಆ ಪ್ರಭೆಯನ್ನು ತೆಗೆದು, ಬದಲಿಗೆ ಮೇಲಕ್ಕೇರುವ ಬಿಳಿ ಕಣಗಳ ಚಲನೆಯನ್ನು ಇಟ್ಟ ಮೇಲೆ ತೊಂದರೆ ನಿಂತಿತು. ಉಡುಪಿನಲ್ಲಿ ಮಾತ್ರವಲ್ಲ, ಬೆಂಕಿ, ವಿಷ, ಮಂತ್ರ, ಕಟ್ಟಡ, ಹೂಬಿಟ್ಟ ಗಿಡ ಎಲ್ಲದರಲ್ಲೂ ಪಕ್ಷದ ವರ್ಣಗಳು ಗಾಢವಾಗಿ ಬರದಂತೆ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳಿ.

ನಾಲ್ಕು ಬಣ್ಣಗಳು ಯಾವುವಿರಬೇಕು? ಉತ್ತರ ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು ನೂರಕ್ಕೆ 8 ಮಂದಿಗೆ, ಹೆಂಗಸರಲ್ಲಿ ಸುಮಾರು 200ಕ್ಕೆ ಒಬ್ಬರಿಗೆ ಕೆಂಪು-ಹಸಿರು ಬಣ್ಣಗಳನ್ನು ಬೇರ್ಪಡಿಸುವುದರಲ್ಲಿ ಕೊರತೆ ಇರುತ್ತದೆ. ಆದ್ದರಿಂದ ಎದುರಾಳಿಗಳಿಗೆ ಕೆಂಪು-ಹಸಿರು ಜೋಡಿಯನ್ನು ಎಂದೂ ಕೊಡಬೇಡಿ, ನೀಲಿ-ಕಿತ್ತಳೆ ಜೋಡಿಯಿಂದ ಶುರುಮಾಡಿ. ಮಸಾತಾಕಾ ಒಕಾಬೆ ಮತ್ತು ಕೆಯ್ ಇಟೊ ಎಂಬ ಜಪಾನಿನ ವಿಜ್ಞಾನಿಗಳು ಎಲ್ಲ ಬಗೆಯ ದೃಷ್ಟಿಗೂ ಬೇರೆಯಾಗಿ ಕಾಣುವಂತೆ ಜೋಡಿಸಿದ ಎಂಟು ಬಣ್ಣಗಳ ಪಟ್ಟಿಯಿಂದ ಉಳಿದೆರಡನ್ನು ಆರಿಸಿಕೊಳ್ಳಬಹುದು, ಆದರೆ ನಾಲ್ಕೂ ಬೆಳಕಿನ ಮಟ್ಟದಲ್ಲಿ ಒಂದಕ್ಕೊಂದು ಬೇರೆಯಾಗಿರುವಂತೆ ನೋಡಿಕೊಳ್ಳಿ. 1944ರ ಜೂನ್‌ನಲ್ಲಿ ಎರಡನೆಯ ಮಹಾಯುದ್ಧದ ನಾರ್ಮಂಡಿ ದಾಳಿಗೆ ಮುನ್ನ ಮಿತ್ರಪಕ್ಷದ ಬಹುಪಾಲು ವಿಮಾನಗಳಿಗೆ ಆತುರದಲ್ಲಿ ಬಳಿದದ್ದು ಮೂರು ಬಿಳಿ, ಎರಡು ಕಪ್ಪು ಪಟ್ಟಿಗಳನ್ನು. ಕಪ್ಪು ಸಿಲೂಯೆಟ್ ಚಿತ್ರಗಳಿಂದ ವಿಮಾನದ ಬಗೆಯನ್ನು ಗುರುತಿಸಲು ಕಲಿತವರಿಗೂ ಗಡಿಬಿಡಿಯಲ್ಲಿ ‘ಯಾರದು’ ಎಂಬುದು ತಪ್ಪಬಹುದೆಂಬ ಭಯವೇ ಅದಕ್ಕೆ ಕಾರಣ, ಮಿತ್ರಪಕ್ಷದವರು ನಂಬಿದ್ದು ವರ್ಣವನ್ನಲ್ಲ, ಬೆಳಕು-ಕತ್ತಲೆಯ ಅಂತರವನ್ನು. ನೀವೂ ಪ್ರತಿ ಪಕ್ಷದ ಯೂನಿಟ್‌ಗಳ ಕಾಲಡಿಯ ಗುರುತನ್ನು ಬೇರೆ ಆಕಾರದಲ್ಲಿ, ಒಂದಕ್ಕೆ ವೃತ್ತ, ಒಂದಕ್ಕೆ ಚೌಕ ಎಂಬಂತೆ ಕೊಟ್ಟರೆ ಬಣ್ಣ ಕೈಕೊಟ್ಟಲ್ಲಿ ಅದು ನೆರವಿಗೆ ಬರುತ್ತದೆ. ಜೊತೆಗೆ ನನ್ನವರು, ಮಿತ್ರರು, ಶತ್ರುಗಳು ಎಂದು ಮೂರೇ ಬಣ್ಣಗಳಲ್ಲಿ ತೋರಿಸುವ ಆಯ್ಕೆಯನ್ನೂ ಸೇರಿಸಿ. ಇಂಥ ಗೇಮ್‌ಗಳಲ್ಲಿ ಇದು ಬಹುಕಾಲದಿಂದ ಇರುವ ಸೌಲಭ್ಯ.

ದಪ್ಪ ಹೊರಗೆರೆಯ ಬಗ್ಗೆ ನನಗೆ ಒಲವಿಲ್ಲ. 32 ಪಿಕ್ಸೆಲ್ ಎತ್ತರದ ಆಕೃತಿಗೆ ಎರಡು ಪಿಕ್ಸೆಲ್ ಗೆರೆ ಎಳೆದರೆ, ಬಿಲ್ಲಿಗೂ ಎದೆಗೂ ನಡುವೆ ಕಷ್ಟಪಟ್ಟು ಉಳಿಸಿಕೊಂಡ ಆ ಖಾಲಿ ಜಾಗ ಎರಡೂ ಕಡೆಯಿಂದ ಮುಚ್ಚಿಹೋಗುತ್ತದೆ. ಗುಂಪು ಸೇರಿದಾಗ ಗೆರೆಗಳೆಲ್ಲ ಹೆಣೆದುಕೊಂಡು ಬಲೆಯಂತೆ ಕಾಣುತ್ತವೆ. ಆರಿಸಿದ ಯೂನಿಟ್ಟಿಗೆ, ಕಟ್ಟಡದ ಹಿಂದೆ ಮರೆಯಾದ ಯೂನಿಟ್ಟಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಗುಂಪಿನ ಗೊಂದಲಕ್ಕೆ ನಿಜವಾದ ಮದ್ದು ಯೂನಿಟ್‌ಗಳ ನಡುವಿನ ಅಂತರ. ಒಂದು ಇನ್ನೊಂದರ ಮೈಮೇಲೆ ಏರಿ ನಿಲ್ಲುವಷ್ಟು ಹತ್ತಿರ ಬರಲು ಬಿಟ್ಟರೆ ಎಂಥ ಸಿಲೂಯೆಟ್ಟೂ ಉಳಿಯುವುದಿಲ್ಲ, ಆದ್ದರಿಂದ ಡಿಕ್ಕಿಯ ಅಳತೆಯನ್ನು, ಅಂದರೆ ಎರಡು ಯೂನಿಟ್ ಎಷ್ಟು ಹತ್ತಿರ ಬರಬಹುದು ಎಂಬುದನ್ನು, ನಿಗದಿ ಮಾಡುವ ಪ್ರೋಗ್ರಾಮರ್ ಮತ್ತು ಚಿತ್ರ ಬರೆಯುವ ಕಲಾವಿದ ಒಟ್ಟಿಗೆ ಕುಳಿತು ಮಾತಾಡಬೇಕು.

ಇಷ್ಟನ್ನು ಮಾಡುವಾಗ ಟೆಕ್ಸ್ಚರ್, ಅಂದರೆ ಮೇಲ್ಮೈಯ ಬಣ್ಣ ಮತ್ತು ವಿವರ, ಬರೆಯುವ ಮುನ್ನವೇ ಪರೀಕ್ಷೆ ನಡೆಸಿ. ಎಂಟೂ ಬಗೆಗಳನ್ನು ಎಂಟೂ ದಿಕ್ಕುಗಳಲ್ಲಿ, ಗೇಮಿನಲ್ಲಿ ಕಾಣುವ ಗಾತ್ರದಲ್ಲೇ, ಕಪ್ಪು ಬಳಿದು, ನಡುಮಟ್ಟದ ಬೂದು ನೆಲದ ಮೇಲೆ ಒಂದೊಂದಾಗಿ ಅರ್ಧ ಸೆಕೆಂಡು ತೋರಿಸಿ, ಗೇಮ್ ನೋಡಿರದವರಿಂದ ಹೆಸರು ಕೇಳಿ. ಎಷ್ಟು ತಪ್ಪಿತು ಎಂಬುದಕ್ಕಿಂತ ಯಾವುದು ಯಾವುದೆಂದು ತಪ್ಪಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಎಲ್ಲ ತಪ್ಪುಗಳ ಬೆಲೆ ಒಂದೇ ಅಲ್ಲ: ಎರಡು ಬಗೆಯ ಕಾಲಾಳುಗಳು ಅದಲುಬದಲಾದರೆ ಆಟಗಾರನಿಗೆ ಹೆಚ್ಚೇನೂ ನಷ್ಟವಿಲ್ಲ, ವೈದ್ಯ ಗೂಢಚಾರನಂತೆ ಕಂಡರೆ ಆಟವೇ ಕೈತಪ್ಪಬಹುದು. ದುಬಾರಿ ತಪ್ಪುಗಳನ್ನು ಮೊದಲು ತಿದ್ದಿ.

ಸ್ಕಿನ್‌ಗಳಿಂದ ಗೊಂದಲ ಹೆಚ್ಚುವುದು ಅವು ಮೇಲಿನ ಹಂಚಿಕೆಯನ್ನು ಮುರಿದಾಗ ಮಾತ್ರ. ಬಟ್ಟೆಯ ವಿನ್ಯಾಸ, ಮುಖ, ಲೋಹದ ಕೆತ್ತನೆ, ಆಯುಧದ ಅಲಂಕಾರ ಏನು ಬೇಕಾದರೂ ಬದಲಾಗಲಿ. ಮೈಕಟ್ಟಿನ ದೊಡ್ಡ ಅಳತೆಗಳು, ನಡಿಗೆ, ಹೆಗಲ ಮೇಲಿನ ಪಕ್ಷದ ಬಣ್ಣದ ಹರಹು ಈ ಮೂರು ಬದಲಾಗಬಾರದು. ಆ ಹರಹನ್ನು ಕಲಾವಿದರು ಕೈಯಿಂದ ಬರೆಯದೆ, ಬಣ್ಣ ತುಂಬಬೇಕಾದ ಜಾಗವನ್ನು ಗುರುತಿಸುವ ಒಂದೇ ಮಾಸ್ಕ್ ಮೂಲಕ ಗೇಮೇ ಬಣ್ಣ ತುಂಬುವಂತೆ ಮಾಡಿದರೆ ಯಾರೂ ಅರಿಯದೆ ಅದನ್ನು ಕೆಡಿಸುವಂತಿಲ್ಲ. ಎದುರಾಳಿಗಳ ಸ್ಕಿನ್‌ಗಳನ್ನು ಮರೆಮಾಡಿ ಮೂಲ ರೂಪದಲ್ಲೇ ನೋಡುವ ಆಯ್ಕೆಯನ್ನು ಪ್ರತಿ ಆಟಗಾರನಿಗೂ ಕೊಡಿ. ಹೊಸ ಸ್ಕಿನ್ ಬಂದಾಗಲೆಲ್ಲ ಕಪ್ಪು ಬಳಿದ ಪರೀಕ್ಷೆಯನ್ನು ಮತ್ತೆ ನಡೆಸಿ, ಅದನ್ನು ತನ್ನದೇ ಮೂಲ ರೂಪದೊಂದಿಗೆ ಮಾತ್ರವಲ್ಲ, ಉಳಿದ ಏಳೂ ಬಗೆಗಳೊಂದಿಗೆ ಮತ್ತು ಅವುಗಳ ಎಲ್ಲ ಸ್ಕಿನ್‌ಗಳೊಂದಿಗೆ ಬೆರೆಸಿ ತೋರಿಸಿ. ಬಿಲ್ಲುಗಾರನಿಗೆ ಅಗಲವಾದ ಹೆಗಲ ಕವಚ ಕೊಟ್ಟ ಸ್ಕಿನ್ ಎಷ್ಟೇ ಸುಂದರವಾಗಿದ್ದರೂ ಅದು ಈಟಿಯವನ ತ್ರಿಕೋನಕ್ಕೆ ಹತ್ತಿರವಾಗುತ್ತದೆ. ಆ ಕವಚವನ್ನು ಚಿಕ್ಕದು ಮಾಡಲು ಕಲಾವಿದರಿಗೆ ವಾಪಸು ಕಳಿಸಿ, ಅಥವಾ ಅದನ್ನು ಈಟಿಯವನ ಸ್ಕಿನ್ ಆಗಿಯೇ ಬಳಸಿ.